ಮುತ್ತಜ್ಜನ ಟ್ರಂಕಿನಲ್ಲಿ ಸಿಕ್ಕ ಟಾನಿಕ್ ಬಾಟಲಿ

ಪ್ರಶ್ನೆ: ನಮ್ಮದು ಸಾಗರ ತಾಲೂಕು. ಹಳೇ ಮನೆಯ ಅಟ್ಟ ಬಿಚ್ಚಿಸುವಾಗ ಮುತ್ತಜ್ಜನ ತಗಡಿನ ಟ್ರಂಕು ಸಿಕ್ಕಿತು. ಒಳಗೆ ತಳಕ್ಕೂ ಮಗ್ಗುಲಿಗೂ ಅಂಟಿಸಿದ್ದು 1910–20ರ ಸುಮಾರಿನ ಪತ್ರಿಕೆಗಳು, ಕನ್ನಡದವೂ ಇಂಗ್ಲಿಷಿನವೂ. ಸುದ್ದಿಗಿಂತ ಜಾಹೀರಾತೇ ಜಾಸ್ತಿ. ನರದೌರ್ಬಲ್ಯಕ್ಕೆ ಮಾತ್ರೆ, ರಕ್ತಶುದ್ಧಿಗೆ ಟಾನಿಕ್, ವಿದ್ಯುತ್ ಬೆಲ್ಟು, ಕೂದಲೆಣ್ಣೆ, ವಶೀಕರಣದ ಉಂಗುರ, ಇಷ್ಟು ಡಬ್ಬಿ ಕೊಂಡರೆ ಗಡಿಯಾರ ಉಚಿತ, ಇಂಥವೇ. ಜೊತೆಗೆ ವಿ.ಪಿ. (ದುಡ್ಡು ಕಟ್ಟಿ ಬಿಡಿಸಿಕೊಳ್ಳುವ ಅಂಚೆ ಪಾರ್ಸೆಲ್) ರಶೀದಿಗಳ ಒಂದು ಕಟ್ಟು. ಬಿರಡೆ ಹಾಕಿದ ಒಂದು ಬಾಟಲಿಯಲ್ಲಿ ಕಾಲು ಭಾಗದಷ್ಟು ಕಂದು ಬಣ್ಣದ ಔಷಧಿ ಉಳಿದಿದೆ, ತಳದಲ್ಲಿ ಗಸಿ ನಿಂತಿದೆ. ಲೇಬಲ್ ಹರಿದಿದ್ದು 'ನರ್ವ್ ಟಾನಿಕ್' ಎಂಬಷ್ಟು ಮಾತ್ರ ಓದಲು ಬರುತ್ತದೆ. ನಮ್ಮ ಚಿಕ್ಕಪ್ಪನಿಗೆ 72 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. 'ಆಗಿನದೆಲ್ಲ ಶುದ್ಧ ಗಿಡಮೂಲಿಕೆ, ಈಗಿನ ಹಾಗೆ ಕೆಮಿಕಲ್ ಅಲ್ಲ, ಒಂದು ಚಮಚ ಕುಡಿದು ನೋಡಿದರೆ ಏನಾಗುತ್ತೆ' ಎನ್ನುತ್ತಾರೆ. ಮೊಬೈಲಿನಲ್ಲಿ ನೋಡಿ ಸುಸ್ತಿಗೆಂದು ಯಾವುದೋ 'ನರಶಕ್ತಿ' ಲೇಹ್ಯವನ್ನೂ ತರಿಸಿಕೊಂಡು ತಿನ್ನುತ್ತಿದ್ದಾರೆ. ಕಾನೂನು ಓದುತ್ತಿರುವ ಮಗಳು 'ಎಲ್ಲ ಮೋಸ, ಮುತ್ತಜ್ಜ ಟೋಪಿ ಹಾಕಿಸಿಕೊಂಡರು' ಎಂದು ನಗುತ್ತಾಳೆ, ಜಾಹೀರಾತಿನ ಕೆಳಗಿನ ಪ್ರಶಂಸಾಪತ್ರಗಳು ನಿಜವೇ ಎಂದೂ ಕೇಳುತ್ತಾಳೆ. ಯಾರ ಮಾತು ನಿಜ? ಬಾಟಲಿಯನ್ನು ನೆನಪಿಗೆಂದು ಇಟ್ಟುಕೊಳ್ಳಬಹುದೇ? ಇಂಥದ್ದನ್ನೆಲ್ಲ ಪತ್ರಿಕೆಯವರು ಹೇಗೆ ಅಚ್ಚು ಹಾಕುತ್ತಿದ್ದರು?

ಉತ್ತರ: ಮೊದಲು ಬಾಟಲಿಯ ವಿಷಯ. ಅದನ್ನು ಅಲ್ಲಾಡಿಸಬೇಡಿ, ಬಿರಡೆ ತೆಗೆಯಬೇಡಿ, ಮೂಸಬೇಡಿ. ಚಿಕ್ಕಪ್ಪನಿಗೆ ಇವತ್ತೇ ಹೇಳಿ, ಒಂದು ಚಮಚವಲ್ಲ, ಒಂದು ತೊಟ್ಟೂ ಬಾಯಿಗೆ ಹೋಗಬಾರದು.

ಹೆದರಿಸಲು ಹೇಳುತ್ತಿಲ್ಲ. ನೂರು ವರ್ಷದ ಹಿಂದೆ ನರಕ್ಕೆ ಶಕ್ತಿ ಕೊಡುವ ಟಾನಿಕ್ ಎಂದರೆ ಅದರಲ್ಲಿ ಬಹಳ ಸಲ ಇರುತ್ತಿದ್ದದ್ದು ನಕ್ಸ್ ವಾಮಿಕಾ. ನಿಮ್ಮ ಕಡೆ ಕಾಡಿನಲ್ಲಿ ಸಿಗುವ ಕಾಸರಕನ ಮರದ ಬೀಜವೇ ಅದು. ಅದರ ವಿಷದ ಸಾರ ಸ್ಟ್ರಿಕ್ನಿನ್. ಆಗ ಇಂಗ್ಲಿಷ್ ವೈದ್ಯರೇ ಬರೆದುಕೊಡುತ್ತಿದ್ದ ಈಸ್ಟನ್ಸ್ ಸಿರಪ್‌ನಲ್ಲಿ ಕಬ್ಬಿಣ, ಕ್ವಿನೈನ್, ಸ್ಟ್ರಿಕ್ನಿನ್ ಮೂರೂ ಇದ್ದವು. ಅತಿ ಕಡಿಮೆ ಪ್ರಮಾಣದಲ್ಲಿ ಬಾಯಿ ಕಹಿಯಾಗುತ್ತದೆ, ಹಸಿವಾದ ಹಾಗೆ, ಮೈ ಚುರುಕಾದ ಹಾಗೆ ಅನ್ನಿಸುತ್ತದೆ, ಅಷ್ಟೇ. ಪ್ರಮಾಣ ಏರಿದರೆ ಮೈಯೆಲ್ಲ ಬಿಲ್ಲಿನ ಹಾಗೆ ಸೆಟೆದುಕೊಂಡು ಉಸಿರು ನಿಲ್ಲುತ್ತದೆ. 100 ಮಿಲಿಗ್ರಾಂಗಿಂತ ಕಡಿಮೆಯೂ ದೊಡ್ಡವರ ಜೀವ ತೆಗೆಯಬಲ್ಲದು.

ಗಸಿ ಏಕೆ ಅಪಾಯ ಎಂಬುದನ್ನು ಫಾರ್ಮಸಿ ಓದುವವರಿಗೆ ಹಿಂದೆ ಪಾಠದ ಮೊದಲಲ್ಲೇ ಹೇಳಿಕೊಡುತ್ತಿದ್ದರು. ಸ್ಟ್ರಿಕ್ನಿನ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮದ್ಯಸಾರವೋ ಹುಳಿಯೋ ಅದನ್ನು ಕರಗಿಸಿ ಹಿಡಿದಿಟ್ಟಿರುತ್ತದೆ. ವರ್ಷಗಳು ಕಳೆದಂತೆ ಬಿರಡೆಯ ಸಂದಿನಿಂದ ಮದ್ಯಸಾರ ಆವಿಯಾಗಿ ಹೋಗುತ್ತದೆ. ಅಥವಾ ಅದೇ ಔಷಧಿಗೆ ಸೇರಿಸಿದ ಬ್ರೋಮೈಡ್ ಲವಣವೋ ಕ್ಷಾರವೋ ಸ್ಟ್ರಿಕ್ನಿನ್ನನ್ನು ಹರಳು ಕಟ್ಟಿಸಿ ತಳಕ್ಕೆ ಇಳಿಸುತ್ತದೆ. ಬಾಟಲಿ ತುಂಬ ಹರಡಿರಬೇಕಾದ ವಿಷ ಕೊನೆಯ ಚಮಚದಲ್ಲಿ ಬಂದು ಕೂರುತ್ತದೆ. ಮೇಲಿನ ಮುಕ್ಕಾಲು ಭಾಗ ಕುಡಿದು ಆರೋಗ್ಯವಾಗಿದ್ದವರು ಕೊನೆಯ ಗುಟುಕಿನಲ್ಲಿ ಸತ್ತ ಪ್ರಕರಣಗಳು ಇದ್ದದ್ದರಿಂದಲೇ ಈ ಎಚ್ಚರಿಕೆ ಪಠ್ಯಕ್ಕೆ ಸೇರಿತು. ನಿಮ್ಮ ಬಾಟಲಿಯಲ್ಲಿ ಉಳಿದಿರುವುದು ಆ ಕೊನೆಯ ಭಾಗವೇ. ಅದರಲ್ಲಿ ಸ್ಟ್ರಿಕ್ನಿನ್ ಇದ್ದೇ ಇದೆ ಎಂದು ನೋಡದೆ ಹೇಳಲಾಗದು. ಬರೀ ಬೆಲ್ಲದ ಪಾಕವೂ ಇರಬಹುದು. ಆದರೆ ಅದನ್ನು ಪರೀಕ್ಷಿಸುವ ಜಾಗ ಚಿಕ್ಕಪ್ಪನ ನಾಲಿಗೆ ಅಲ್ಲ.

ನಾನು ಮೆಡಿಕಲ್ ಕಾಲೇಜಿನಲ್ಲಿ ಫಾರ್ಮಕಾಲಜಿ ಹೇಳುತ್ತಿದ್ದ ಕಾಲದಲ್ಲಿ ಆಗೊಮ್ಮೆ ಈಗೊಮ್ಮೆ ಯಾರಾದರೂ ಇಂಥ ಬಾಟಲಿ, ಡಬ್ಬಿ ಹಿಡಿದು ಬರುತ್ತಿದ್ದರು. ಎಲ್ಲರ ಬಾಯಲ್ಲೂ ನಿಮ್ಮ ಚಿಕ್ಕಪ್ಪನ ಮಾತೇ: ಆಗಿನದು ಶುದ್ಧ. ಈ ನಂಬಿಕೆಯನ್ನು ಬಿಡಿಸುವುದು ಕಷ್ಟ, ಯಾಕೆಂದರೆ ಅದರಲ್ಲಿ ಅರ್ಧ ನಿಜ ಇದೆ. ಗಿಡಮೂಲಿಕೆ ಎನ್ನುವುದು ನಿಜ. ಅಫೀಮೂ ಗಿಡದ್ದೇ, ಕಾಸರಕವೂ ಗಿಡದ್ದೇ, ಕೊಕೇನ್ ಕೊಡುವ ಕೋಕಾ ಎಲೆಯೂ ಗಿಡದ್ದೇ.

ಆ ಬಾಟಲಿಗಳಲ್ಲಿ ಏನಿತ್ತು ಎಂಬುದು ಗುಟ್ಟಾಗಿ ಉಳಿದಿಲ್ಲ. ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಮಾರುಕಟ್ಟೆಯಲ್ಲಿದ್ದ ಹೆಸರಾಂತ ಔಷಧಿಗಳನ್ನು ಕೊಂಡು ತಂದು, ಪ್ರಯೋಗಶಾಲೆಯಲ್ಲಿ ಬಿಡಿಸಿ ನೋಡಿ, 1909ರಲ್ಲಿ 'ಸೀಕ್ರೆಟ್ ರೆಮಿಡೀಸ್' ಎಂಬ ಪುಸ್ತಕ ತಂದಿತು. 1912ರಲ್ಲಿ ಅದರ ಎರಡನೇ ಭಾಗ ಬಂತು. ಪ್ರತಿ ಔಷಧಿಯ ಮುಂದೆ ಎರಡೇ ವಿಷಯ: ಒಳಗೆ ಏನಿದೆ, ಅದರ ಅಸಲು ಎಷ್ಟು. ಬೀಚಮ್ಸ್ ಪಿಲ್ಸ್ ಎಂಬ ಮಾತ್ರೆಯ ಜಾಹೀರಾತು ಒಂದು ಡಬ್ಬಿಗೆ ಒಂದು ಗಿನಿಯಷ್ಟು (21 ಶಿಲಿಂಗ್) ಬೆಲೆ ಬಾಳುತ್ತದೆ ಎನ್ನುತ್ತಿತ್ತು. ಒಳಗಿದ್ದದ್ದು ಲೋಳೆಸರದ ರಸ, ಶುಂಠಿ, ಸೋಪು. 56 ಮಾತ್ರೆಯ ಡಬ್ಬಿಯ ಬೆಲೆ ಒಂದು ಶಿಲಿಂಗ್ ಒಂದೂವರೆ ಪೆನ್ನಿ, ಸಾಮಗ್ರಿಯ ಅಸಲು ಅರ್ಧ ಫಾರ್ದಿಂಗ್ (ಶಿಲಿಂಗಿಗೆ ಹನ್ನೆರಡು ಪೆನ್ನಿ, ಪೆನ್ನಿಗೆ ನಾಲ್ಕು ಫಾರ್ದಿಂಗ್). ಲೆಕ್ಕ ಹಾಕಿದರೆ ನೂರೆಂಟು ಪಟ್ಟು. ಆ ಬೆಲೆಯೊಳಗಿನ ಒಂದೂವರೆ ಪೆನ್ನಿ ಸರ್ಕಾರಕ್ಕೆ ಹೋಗುವ ಸ್ಟಾಂಪ್ ಸುಂಕ. ಅಂದರೆ ಔಷಧಿಗೆ ಬಿದ್ದ ಖರ್ಚಿನ ಹನ್ನೆರಡು ಪಟ್ಟು ಸರ್ಕಾರಕ್ಕೇ ಸಿಗುತ್ತಿತ್ತು! ಡಬ್ಬಿಯ ಮೇಲೆ ಆ ಸ್ಟಾಂಪ್ ನೋಡಿದ ಜನ ಸರ್ಕಾರವೇ ಒಪ್ಪಿದ ಔಷಧಿ ಎಂದುಕೊಳ್ಳುತ್ತಿದ್ದರು. ಇದು ಸರ್ಕಾರದ ಖಾತರಿಯಲ್ಲ ಎಂದು ಸ್ಟಾಂಪಿನ ಮೇಲೇ ಅಚ್ಚು ಹಾಕಿಸಬೇಕಾಯಿತು. ಇಂಥವಕ್ಕೆ ಬಿದ್ದ 'ಪೇಟೆಂಟ್ ಔಷಧಿ' ಎಂಬ ಹೆಸರಿನದೂ ಇದೇ ಕಥೆ. ನಿಜವಾದ ಪೇಟೆಂಟ್ ಬೇಕೆಂದರೆ ಒಳಗೆ ಏನಿದೆ ಎಂದು ಬಯಲು ಮಾಡಬೇಕು, ಹಾಗಾಗಿ ಇವರಲ್ಲಿ ಹೆಚ್ಚಿನವರು ಅದರ ತಂಟೆಗೇ ಹೋಗಲಿಲ್ಲ.

ಸೋಪು, ಶುಂಠಿ ಆದರೆ ಹೊಟ್ಟೆ ತೊಳೆದು ಹೋದೀತು, ಅಷ್ಟೇ. ಅಮೆರಿಕದ ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್ ಹಲ್ಲು ಮೂಡುವ ಕೂಸುಗಳಿಗೆಂದು ಮಾರಾಟವಾಗುತ್ತಿತ್ತು, ಅದರಲ್ಲಿ ಮಾರ್ಫಿನ್ ಇತ್ತು. ಅಳು ನಿಲ್ಲುತ್ತಿತ್ತು, ಕೆಲವು ಕೂಸುಗಳು ಮತ್ತೆ ಏಳಲೇ ಇಲ್ಲ. ಹಲ್ಲಿನ ಪುಡಿ ಎಂದು ಕೂಸಿನ ಒಸಡಿಗೆ ಹಚ್ಚುತ್ತಿದ್ದ ಪುಡಿಗಳಲ್ಲಿ ಪಾದರಸದ ಕ್ಯಾಲೊಮೆಲ್ ಇತ್ತು. ಕೈಕಾಲು ಕೆಂಪಾಗಿ ಸಿಪ್ಪೆ ಏಳುವ 'ಪಿಂಕ್ ಡಿಸೀಸ್' ಎಂಬ ಕಾಯಿಲೆಗೆ ಅದೇ ಕಾರಣ ಎಂದು ಗೊತ್ತಾಗಿ, ಇಂಗ್ಲೆಂಡಿನಲ್ಲಿ ಆ ಪುಡಿಗಳು ಹಿಂದೆ ಸರಿದದ್ದು 1950ರ ದಶಕದಲ್ಲಿ. ಅಲ್ಲಿಂದ ಮುಂದೆ ಆ ಕಾಯಿಲೆಯೂ ಹೆಚ್ಚುಕಡಿಮೆ ಮಾಯವಾಯಿತು. ಹೆಂಗಸರ ಕಾಯಿಲೆಗೆಂದು ಮಾರುತ್ತಿದ್ದ ಲಿಡಿಯಾ ಪಿಂಕ್‌ಹ್ಯಾಮ್ ಕಾಂಪೌಂಡಿನಲ್ಲಿ ಸುಮಾರು 18 ಶೇಕಡ ಮದ್ಯಸಾರ. ಸಾರಾಯಿ ಮುಟ್ಟದ ಸಂಪ್ರದಾಯಸ್ಥ ಹೆಂಗಸರು ಅದನ್ನು ಚಮಚದ ಲೆಕ್ಕದಲ್ಲಿ ತೆಗೆದುಕೊಂಡು ಹಾಯಾಗಿ ಮಲಗುತ್ತಿದ್ದರು. ತಮ್ಮ ತೊಂದರೆಗಳನ್ನು ಮಿಸೆಸ್ ಪಿಂಕ್‌ಹ್ಯಾಮ್‌ಗೆ ಪತ್ರ ಬರೆದು ತಿಳಿಸಿ ಎಂದು ಜಾಹೀರಾತು ಕರೆಯುತ್ತಿತ್ತು. ಲಿಡಿಯಾ ತೀರಿಕೊಂಡದ್ದು 1883ರಲ್ಲಿ. 1905ರಲ್ಲಿ 'ಲೇಡೀಸ್ ಹೋಮ್ ಜರ್ನಲ್' ಆಕೆಯ ಸಮಾಧಿಕಲ್ಲಿನ ಫೋಟೊ ಅಚ್ಚು ಹಾಕುವವರೆಗೆ ಎಷ್ಟೋ ಹೆಂಗಸರು ಆಕೆ ಬದುಕಿದ್ದಾಳೆಂದೇ ಪತ್ರ ಬರೆಯುತ್ತಿದ್ದರು.

ಹಾಗಾದರೆ ಮಗಳ ಮಾತೇ ಸರಿ, ಎಲ್ಲ ಮೋಸ ಎನ್ನೋಣವೇ? ಅದೂ ಪೂರ್ತಿ ಸರಿಯಲ್ಲ. ಡಾಕ್ಟರ್ ವಿಲಿಯಮ್ಸ್ ಪಿಂಕ್ ಪಿಲ್ಸ್ ಎಂಬ ಮಾತ್ರೆಯನ್ನು ಕೆನಡಾದ ಜಾರ್ಜ್ ಫುಲ್ಫೋರ್ಡ್ ಎಂಬ ವ್ಯಾಪಾರಿ ಊರೂರಿಗೆ, ದೇಶದೇಶಕ್ಕೆ ಮಾರಿದ. ಪಾರ್ಶ್ವವಾಯು ವಾಸಿಯಾಗುತ್ತದೆ ಎಂದೆಲ್ಲ ಹೇಳಿಕೊಂಡದ್ದು ಸುಳ್ಳು. ಆದರೆ ಒಳಗೆ ಕಬ್ಬಿಣದ ಲವಣ ಇತ್ತು. ರಕ್ತಹೀನತೆಯಿಂದ ಬಿಳಿಚಿಕೊಂಡಿದ್ದ ಹೆಣ್ಣುಮಕ್ಕಳಿಗೆ ಅದರಿಂದ ನಿಜವಾಗಿ ಗುಣ ಸಿಕ್ಕಿರಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಭಾರತದಲ್ಲಿ ಸೇನಾ ವೈದ್ಯನಾಗಿದ್ದ ಕಾಲಿಸ್ ಬ್ರೌನ್ ಕಾಲರಾಕ್ಕೆಂದು ಕಟ್ಟಿದ ಕ್ಲೋರೋಡೈನ್‌ನಲ್ಲಿ ಅಫೀಮಿನ ಸತ್ವ, ಗಾಂಜಾ, ಕ್ಲೋರೋಫಾರಂ ಇದ್ದವು. ಕಾಲರಾ ವಾಸಿಯಾಗಲಿಲ್ಲ. ಆದರೆ ಅಫೀಮು ಭೇದಿಯನ್ನು ಹಿಡಿದು ನಿಲ್ಲಿಸುತ್ತದೆ, ಕೆಮ್ಮನ್ನೂ ಅಡಗಿಸುತ್ತದೆ. ಅಭ್ಯಾಸವನ್ನೂ ಹಿಡಿಸುತ್ತದೆ. ಕರ್ಪೂರ, ಪುದೀನದ ಸತ್ವ ಹಾಕಿದ ಮುಲಾಮುಗಳು ತಲೆನೋವಿನ ಹೊತ್ತಿಗೆ ಹಣೆಗೆ ತಂಪು ಕೊಡುವುದು ಇವತ್ತಿಗೂ ನಿಜ.

ಇನ್ನೂ ಒಂದು ಕಾರಣವಿದೆ, ಮಲೆನಾಡಿನವರಾದ ನೀವು ಇದನ್ನು ಬೇಗ ಹಿಡಿಯುತ್ತೀರಿ. ಆ ಕಾಲಕ್ಕೆ ನಿಮ್ಮ ಕಡೆಯ ದೊಡ್ಡ ಪೀಡೆ ಮಲೇರಿಯಾ. ಚಳಿಜ್ವರ ಬಂದು, ಬೆವರು ಸುರಿದು, ತಾನಾಗಿ ಇಳಿಯುತ್ತದೆ. ದಿನ ಬಿಟ್ಟು ದಿನ ಮತ್ತೆ ಬರುತ್ತದೆ. ಜ್ವರ ಏರಿದಾಗ ಮಾತ್ರೆ ನುಂಗುತ್ತಾರೆ, ಸಂಜೆಗೆ ಜ್ವರ ಇಳಿಯುತ್ತದೆ. ಮಾತ್ರೆಗೆ ಹೆಸರು ಬರುತ್ತದೆ. ಮರುದಿನವಲ್ಲದೆ ಆಚೆ ದಿನ ಜ್ವರ ಬಂದರೆ ಡಬ್ಬಿ ಪೂರ್ತಿ ಆಗಿಲ್ಲ ಎಂದು ಇನ್ನೊಂದು ಡಬ್ಬಿ. ಕ್ವಿನೈನ್ ಹಾಕಿದ್ದ ಔಷಧಿಯಾದರೆ ಗುಣವೂ ಆಗಿರಬಹುದು. ಹಾಕದಿದ್ದರೂ ಗುಣವಾದ ಹಾಗೇ ಕಾಣುತ್ತಿತ್ತು. ಜ್ವರಗಡ್ಡೆ (ಮಲೇರಿಯಾದಿಂದ ಊದಿದ ಗುಲ್ಮ) ಹೊಟ್ಟೆಯಲ್ಲಿ ಹಾಗೇ ಉಳಿಯುತ್ತಿತ್ತು. ಆಸ್ಪತ್ರೆ ದೂರ, ಕಾಡುದಾರಿ, ಹೆಂಗಸರನ್ನು ಗಂಡು ವೈದ್ಯರಿಗೆ ತೋರಿಸಲು ಮನೆಯವರು ಒಪ್ಪುವ ಕಾಲವಲ್ಲ. ಅಂಥ ಹೊತ್ತಿನಲ್ಲಿ ಅಂಚೆಯವನು ಮನೆ ಬಾಗಿಲಿಗೆ ತಂದುಕೊಡುವ ಡಬ್ಬಿಯನ್ನು ಕೊಂಡ ನಿಮ್ಮ ಮುತ್ತಜ್ಜ ದಡ್ಡರಾಗಿರಲಿಲ್ಲ.

ಈಗ ಆ ಜಾಹೀರಾತುಗಳನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ನೀವು ಕಳಿಸಿದ ಫೋಟೊಗಳಲ್ಲಿ ನರದೌರ್ಬಲ್ಯದ ಮಾತ್ರೆಯದು ನನಗೆ ಬಹಳ ಇಷ್ಟವಾಯಿತು. ಮುಕ್ಕಾಲು ಭಾಗ ಔಷಧಿಯ ಸುದ್ದಿಯೇ ಇಲ್ಲ. ಓದುಗನನ್ನು ನೇರವಾಗಿ ಕೇಳುತ್ತದೆ: ಬೆಳಗ್ಗೆ ಎದ್ದಾಗ ಆಯಾಸವೇ, ಬೆನ್ನು ನೋಯುತ್ತದೆಯೇ, ಓದಿದ್ದು ಮರೆಯುತ್ತದೆಯೇ, ನಾಲ್ಕು ಜನರೆದುರು ಮಾತಾಡಲು ಅಳುಕೇ, ನಿದ್ದೆಯಲ್ಲಿ ಕೆಟ್ಟ ಕನಸೇ? ಇಪ್ಪತ್ತು ವರ್ಷದ ಯಾವ ಹುಡುಗ ಇದಕ್ಕೆ ಇಲ್ಲ ಎನ್ನುತ್ತಾನೆ? ಆಮೇಲೆ ಆ ಎಲ್ಲಕ್ಕೂ ಒಂದೇ ಹೆಸರು, ಒಂದೇ ಕಾರಣ: ಹರೆಯದಲ್ಲಿ ಮಾಡಿದ ತಪ್ಪಿನಿಂದ ಧಾತು ನಷ್ಟವಾಗಿದೆ. ಕೊನೆಯ ಮೂರು ಸಾಲಿನಲ್ಲಿ ಮಾತ್ರೆ, ಬೆಲೆ, ವಿಳಾಸ. ಮಾರುತ್ತಿದ್ದದ್ದು ಮೊದಲು ಕಾಯಿಲೆಯನ್ನು, ಅದನ್ನು ಕೊಂಡವರು ಮಾತ್ರೆಯನ್ನು ತಾವಾಗಿ ಕೊಳ್ಳುತ್ತಿದ್ದರು.

ಈ ಕಾಯಿಲೆಗೆ ಎರಡು ಊರಿನ ಬೇರುಗಳಿವೆ. ಒಂದು ನ್ಯೂಯಾರ್ಕಿನದು: 1869ರಲ್ಲಿ ಜಾರ್ಜ್ ಬಿಯರ್ಡ್ ಎಂಬ ವೈದ್ಯ ಪಟ್ಟಣದ ಬದುಕಿನ ಓಟದಿಂದ ನರದ ಶಕ್ತಿ ಬತ್ತುತ್ತದೆ ಎಂದು ಹೇಳಿ ಅದಕ್ಕೆ 'ನ್ಯೂರಾಸ್ತೀನಿಯಾ' ಎಂದು ಹೆಸರಿಟ್ಟ. ಇನ್ನೊಂದು ನಮ್ಮದೇ: ವೀರ್ಯವೆಂದರೆ ಸಪ್ತಧಾತುಗಳ ಸಾರ, ಅದು ಹೋದರೆ ಜೀವವೇ ಹೋದಂತೆ ಎಂಬ ಭಯ. ಜಾಹೀರಾತು ಬರೆಯುವವನು ಎರಡನ್ನೂ ಹೊಸೆದ. ಹೀಗೆ ಹೆದರಿದವರನ್ನು ಹೊರರೋಗಿ ವಿಭಾಗದಲ್ಲಿ ಈಗಲೂ ನೋಡುತ್ತೇವೆ. 1960ರಲ್ಲಿ ಮನೋವೈದ್ಯ ಎನ್.ಎನ್. ವಿಗ್ ಈ ಭಯಕ್ಕೆ 'ಧಾತ್ ಸಿಂಡ್ರೋಮ್' ಎಂದು ಹೆಸರು ಕೊಟ್ಟರು. ವೀರ್ಯ ಹೋಗುವುದರಿಂದ ಶಕ್ತಿ ಹೋಗುವುದಿಲ್ಲ. ಭಯದಿಂದ ನಿದ್ದೆ ಹೋಗುತ್ತದೆ, ನಿದ್ದೆ ಹೋದರೆ ಬೆಳಗ್ಗೆ ಆಯಾಸ, ಬೆನ್ನು ನೋವು, ಮರೆವು ಎಲ್ಲವೂ ಬರುತ್ತವೆ. ಜಾಹೀರಾತಿನ ಪಟ್ಟಿ ಓದಿದ ಮೇಲೆ ಪಟ್ಟಿಯಲ್ಲಿದ್ದದ್ದೆಲ್ಲ ನಿಜವಾಗುತ್ತದೆ.

ಅದೇ ಪುಟದ ವಿದ್ಯುತ್ ಬೆಲ್ಟು ಕೂಡ ಇದೇ ಗಿರಾಕಿಗೆ. ತಾಮ್ರ ಮತ್ತು ಸತುವಿನ ಬಿಲ್ಲೆಗಳು ಬೆವರಿಗೋ ವಿನೆಗರಿಗೋ ನೆನೆದರೆ ಚುರುಗುಟ್ಟುವಷ್ಟು ವಿದ್ಯುತ್ ಹುಟ್ಟುತ್ತದೆ. ಚುರುಗುಟ್ಟಿದರೆ ಕೆಲಸ ಮಾಡುತ್ತಿದೆ ಎಂಬ ಸಮಾಧಾನ. ಜೇಬಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಅದರಿಂದ ದೊಡ್ಡ ಹಾನಿಯಿರಲಿಲ್ಲ. ಕೂದಲೆಣ್ಣೆಯ ಜಾಹೀರಾತುಗಳು ಹೆಚ್ಚು ರಸಿಕವಾದವು. ಕಲ್ಕತ್ತೆಯ ಎಚ್. ಬೋಸ್ 1896ರಲ್ಲಿ ತಮ್ಮ ಕುಂತಲೀನ್ ಎಣ್ಣೆಯ ಹೆಸರಿನಲ್ಲಿ ಕಥಾಸ್ಪರ್ಧೆಯನ್ನೇ ಇಟ್ಟರು. ಕಥೆಯಲ್ಲಿ ಎಣ್ಣೆಯ ಪ್ರಸ್ತಾಪ ಬರಬೇಕು, ಜಾಹೀರಾತು ಅನ್ನಿಸಬಾರದು. ಬಹುಮಾನ ಗೆದ್ದದ್ದು ವಿಜ್ಞಾನಿ ಜಗದೀಶಚಂದ್ರ ಬೋಸರ ಕಥೆ, ಒಂದು ಶೀಶೆ ಎಣ್ಣೆಯಿಂದ ಕಡಲಿನ ಬಿರುಗಾಳಿ ತಣ್ಣಗಾಗುವ ಕಥೆ!

ಜಾಹೀರಾತುಗಳ ಕೆಳಗಿನ ಪ್ರಶಂಸಾಪತ್ರಗಳ ಬಗ್ಗೆ ಮಗಳು ಕೇಳಿದ್ದಾಳೆ. ಮೇಷ್ಟರು, ಅಮಲ್ದಾರರು, ವಕೀಲರು ಬರೆದರೆಂಬ ಪತ್ರಗಳು ನಿಜವೇ? ಕೆಲವು ನಿಜವೇ ಇರುತ್ತಿದ್ದವು, ತಾನಾಗಿ ಗುಣವಾದವರೂ ಡಬ್ಬಿಗೆ ಧನ್ಯವಾದ ಹೇಳುತ್ತಾರಲ್ಲ. ಆದರೆ ಗಿರಾಕಿ ಗುಟ್ಟಾಗಿ ಬರೆದ ಪತ್ರ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಅಮೆರಿಕದಲ್ಲಿ ಇಂಥ ಪತ್ರಗಳನ್ನು ಕಟ್ಟು ಕಟ್ಟಿ ಇತರ ಕಂಪನಿಗಳಿಗೆ ಬಾಡಿಗೆಗೆ ಕೊಡುವ ದಲ್ಲಾಳಿಗಳೇ ಇದ್ದರು. ಒಮ್ಮೆ ಮೂಲವ್ಯಾಧಿಗೆ ಪತ್ರ ಬರೆದವನಿಗೆ ಹತ್ತು ಕಂಪನಿಗಳಿಂದ ಕಾಗದ ಬರಲು ಶುರುವಾಗುತ್ತಿತ್ತು. ಈಗ ಮೊಬೈಲಿನಲ್ಲಿ ಒಮ್ಮೆ ಏನೋ ಹುಡುಕಿದರೆ ವಾರಗಟ್ಟಲೆ ಅದೇ ಬರುವುದನ್ನು ನೋಡಿಲ್ಲವೇ, ಇದೂ ಹಾಗೆಯೇ.

ವಿ.ಪಿ. ರಶೀದಿಗಳನ್ನು ಜೋಪಾನ ಮಾಡಿ, ನನ್ನ ಲೆಕ್ಕದಲ್ಲಿ ಆ ಟ್ರಂಕಿನಲ್ಲಿ ಬೆಲೆಬಾಳುವುದು ಅವೇ. ವ್ಯಾಲ್ಯೂ ಪೇಯಬಲ್ ಅಂಚೆ ನಮ್ಮ ದೇಶಕ್ಕೆ ಬಂದದ್ದು 1877ರಲ್ಲಿ, ಅಂಚೆ ಕಚೇರಿಯ ಮನಿಯಾರ್ಡರು 1880ರಲ್ಲಿ. ಇವೆರಡು ಬಂದ ಮೇಲೆ ಬೊಂಬಾಯಿ, ಕಲ್ಕತ್ತೆ, ಮದರಾಸಿನ ಅಂಗಡಿ ಹಳ್ಳಿಯ ಜಗಲಿಗೆ ಬಂತು. ವೈಟ್‌ವೇ ಲೇಡ್‌ಲಾದಂಥ ದೊಡ್ಡ ಮಳಿಗೆಗಳು ಕ್ಯಾಟಲಾಗ್ ಕಳಿಸುತ್ತಿದ್ದವು. ಗಡಿಯಾರ, ಹಾರ್ಮೋನಿಯಂ, ಕೊಡೆ, ಸೋಪು ಎಲ್ಲ ಪಾರ್ಸೆಲಿನಲ್ಲಿ. ಆದರೆ ಪಾರ್ಸೆಲ್ ಕೈಗೆ ಬರುವ ಮೊದಲು ದುಡ್ಡು ಕಟ್ಟಬೇಕು. ಒಳಗೆ ಗಡಿಯಾರ ಇದೆಯೋ ಗಡಿಯಾರದ ಆಕಾರದ ಆಟಿಕೆ ಇದೆಯೋ ಎಂದು ಕಾಣುವುದು ದುಡ್ಡು ಕೈಬಿಟ್ಟ ಮೇಲೆ. ಮೋಸವಾದರೆ ಆ ಹಣವನ್ನು ತಡೆಹಿಡಿದು ಮರಳಿಸುವ ದಾರಿಯನ್ನು ಅಂಚೆ ಕಾನೂನಿನಲ್ಲಿ ಇಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಔಷಧಿಗೆ ಅಂಚೆಯಿಂದ ಇನ್ನೊಂದು ಅನುಕೂಲ ಇತ್ತು: ಏನು ತರಿಸಿದಿರಿ ಎಂದು ಊರಿಗೆ ಗೊತ್ತಾಗುವುದಿಲ್ಲ. ಪೇಟೆಯ ಅಂಗಡಿಯಲ್ಲಿ ಬಾಯಿ ಬಿಟ್ಟು ಕೇಳಲಾಗದ್ದನ್ನು ಕಾರ್ಡಿನಲ್ಲಿ ಬರೆದು ತರಿಸಬಹುದಿತ್ತು.

ಇನ್ನು ಪತ್ರಿಕೆಗಳ ಮಾತು. ಚಂದಾ ಹಣದಿಂದ ಪತ್ರಿಕೆ ನಡೆಯುವುದಿಲ್ಲ ಎಂಬುದು ಆಗಲೂ ಈಗಲೂ ಒಂದೇ. ವರ್ಷಗಟ್ಟಲೆ ಅದೇ ಬ್ಲಾಕ್ ಇಟ್ಟು ಅಚ್ಚು ಹಾಕಿದರೆ ಸಾಕು, ತಪ್ಪದೆ ಹಣ ಕೊಡುವವರು ಔಷಧಿಯವರು. ಅಮೆರಿಕದಲ್ಲಿ ಇದು ಎಲ್ಲಿಯವರೆಗೆ ಹೋಯಿತೆಂದರೆ, ಹಾಲ್ಸ್ ಕ್ಯಾಟಾರ್ ಕ್ಯೂರ್ ಎಂಬ ನೆಗಡಿ ಔಷಧಿಯ ಕಂಪನಿಯ ಫ್ರ್ಯಾಂಕ್ ಚೇನಿ ಪತ್ರಿಕೆಗಳ ಜೊತೆಗಿನ ಕರಾರಿನಲ್ಲಿ ಕೆಂಪು ಅಕ್ಷರದ ಒಂದು ಷರತ್ತು ಸೇರಿಸಿದ: ನಿಮ್ಮ ರಾಜ್ಯದಲ್ಲಿ ನಮ್ಮ ವ್ಯಾಪಾರಕ್ಕೆ ಅಡ್ಡ ಬರುವ ಕಾನೂನು ಆದರೆ ಈ ಕರಾರು ರದ್ದು. ಅಲ್ಲಿಗೆ ಸಂಪಾದಕರೇ ಕಾನೂನಿಗೆ ಅಡ್ಡ ನಿಲ್ಲುವ ಕಾವಲುಗಾರರಾದರು. 'ಕಾಲಿಯರ್ಸ್' ವಾರಪತ್ರಿಕೆ 1905ರಲ್ಲಿ ಇದನ್ನೆಲ್ಲ ಬಯಲಿಗೆಳೆಯಿತು, ಮರುವರ್ಷ ಕಾನೂನು ಬಂತು. ಮದ್ಯಸಾರ, ಅಫೀಮು, ಕೊಕೇನ್ ಇದ್ದರೆ ಲೇಬಲ್ ಮೇಲೆ ಹೇಳಲೇಬೇಕಾಯಿತು. ವಾಸಿಯಾಗುತ್ತದೆ ಎಂಬ ಸುಳ್ಳಿಗೆ ಆ ಕಾನೂನು ತಾಗುವುದಿಲ್ಲ ಎಂದು 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು, 1912ರಲ್ಲಿ ತಿದ್ದುಪಡಿಯಾಯಿತು. ಇಂಗ್ಲೆಂಡಿನಲ್ಲಿ ಎಷ್ಟೋ ಪತ್ರಿಕೆಗಳು 'ಸೀಕ್ರೆಟ್ ರೆಮಿಡೀಸ್' ಪುಸ್ತಕದ ಜಾಹೀರಾತನ್ನೇ ತೆಗೆದುಕೊಳ್ಳಲಿಲ್ಲ. ಪಾರ್ಲಿಮೆಂಟ್ ಸಮಿತಿಯೊಂದು ಕೂತು ಔಷಧಿ ವ್ಯಾಪಾರದ ಮೇಲೆ ಖಾರವಾದ ವರದಿ ಕೊಟ್ಟಿತು, ಅದು ಹೊರಬಂದದ್ದು 1914ರ ಆಗಸ್ಟ್ 4ರಂದು. ಅದೇ ದಿನ ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ವರದಿಯನ್ನು ಕೇಳುವವರೇ ಇರಲಿಲ್ಲ.

ನಮ್ಮಲ್ಲಿ ಪತ್ರಿಕೆ ಮತ್ತು ಔಷಧಿಯ ನಂಟು ಇನ್ನೂ ವಿಚಿತ್ರ. ಅಮೃತಾಂಜನ ಮಾಡಿ ಮಾರಿದ ಕಾಶೀನಾಥುನಿ ನಾಗೇಶ್ವರರಾವ್ ಅವರೇ 1908ರಲ್ಲಿ ಬೊಂಬಾಯಿಯಿಂದ 'ಆಂಧ್ರಪತ್ರಿಕೆ' ವಾರಪತ್ರಿಕೆ ತಂದರು, 1914ರಲ್ಲಿ ಮದರಾಸಿನಿಂದ ಅದನ್ನು ದಿನಪತ್ರಿಕೆ ಮಾಡಿದರು. ಸ್ವಾತಂತ್ರ್ಯ ಚಳವಳಿಗೆ ದೊಡ್ಡ ಬಲವಾದ ಪತ್ರಿಕೆ ಅದು, ಹಿಂದಿನ ಬಂಡವಾಳ ತಲೆನೋವಿನ ಮುಲಾಮು. ಔಷಧಿಯ ಹಣ ಎಂದೊಡನೆ ಕೆಟ್ಟದ್ದು ಎಂದುಕೊಳ್ಳುವುದು ತಪ್ಪಾಗುತ್ತದೆ. ಇನ್ನೊಂದು ತುದಿಯಲ್ಲಿ ಗಾಂಧೀಜಿ. ದಕ್ಷಿಣ ಆಫ್ರಿಕಾದಲ್ಲಿ 'ಇಂಡಿಯನ್ ಒಪೀನಿಯನ್' ಪತ್ರಿಕೆಗೆ ಜಾಹೀರಾತು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು, ಇಲ್ಲಿಗೆ ಬಂದ ಮೇಲೆ 'ಯಂಗ್ ಇಂಡಿಯಾ', 'ನವಜೀವನ'ಗಳೂ ಹಾಗೇ ನಡೆದವು. ಎಲ್ಲ ಸಂಪಾದಕರಿಂದ ಆಗುವ ಮಾತಲ್ಲ ಅದು.

ಕೇಳುವವರು ಇರಲಿಲ್ಲವೇ ಎಂದರೆ, 1940ರವರೆಗೆ ದೇಶಕ್ಕೆಲ್ಲ ಅನ್ವಯಿಸುವ ಔಷಧ ಕಾನೂನು ಇರಲಿಲ್ಲ. ಕರ್ನಲ್ ಆರ್.ಎನ್. ಚೋಪ್ರಾ ಅವರ ಸಮಿತಿ 1930–31ರಲ್ಲಿ ಮಾರುಕಟ್ಟೆಯ ಸ್ಥಿತಿ ನೋಡಿ ವರದಿ ಕೊಟ್ಟ ಮೇಲೂ ಒಂಬತ್ತು ವರ್ಷ ಹಿಡಿಯಿತು. ಆಯುರ್ವೇದ ಔಷಧಿಗಳು ಆ ಕಾನೂನಿನೊಳಗೆ ಬಂದದ್ದು 1964ರ ತಿದ್ದುಪಡಿಯಿಂದ. ಜಾಹೀರಾತಿಗೆಂದೇ 1954ರಲ್ಲಿ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಬಂತು. ಅದರ ಕೊನೆಯಲ್ಲಿ ಇರುವ ಕಾಯಿಲೆಗಳ 54ರ ಪಟ್ಟಿಯನ್ನು ಮಗಳಿಗೆ ತೆಗೆದು ಓದಲು ಹೇಳಿ. ಕ್ಯಾನ್ಸರ್, ಸಕ್ಕರೆ ಕಾಯಿಲೆ, ತೊನ್ನುಗಳ ನಡುವೆ 'ನರ್ವಸ್ ಡೆಬಿಲಿಟಿ' ಎಂದೂ ಇದೆ. ನಿಮ್ಮ ಟ್ರಂಕಿನ ಪತ್ರಿಕೆಯ ನರದೌರ್ಬಲ್ಯವೇ ಅದು. ತಾಯಿತ, ಮಂತ್ರ, ಕವಚಗಳಿಂದ ಕಾಯಿಲೆ ವಾಸಿ ಎನ್ನುವ ಜಾಹೀರಾತೂ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೆ ದಂಡ, ಅಥವಾ ಎರಡೂ. ಕಾನೂನು ಓದುವವಳಾದ್ದರಿಂದ ಕಾರ್ಬಾಲಿಕ್ ಸ್ಮೋಕ್ ಬಾಲ್ ಪ್ರಕರಣ ಆಕೆಗೆ ಬಾಯಿಪಾಠವಿರುತ್ತದೆ. ಈ ಉಂಡೆಯ ಹೊಗೆ ಎಳೆದೂ ಫ್ಲೂ ಬಂದರೆ 100 ಪೌಂಡ್ ಕೊಡುತ್ತೇವೆ ಎಂದು ಜಾಹೀರಾತು ಕೊಟ್ಟ ಕಂಪನಿ, ಕೇಳಲು ಬಂದ ಮಿಸೆಸ್ ಕಾರ್ಲಿಲ್‌ಗೆ 1892ರಲ್ಲಿ ಕೋರ್ಟಿನಲ್ಲಿ ಸೋತು ಹಣ ಕೊಟ್ಟಿತು. ಪಠ್ಯದಲ್ಲಿ ಸಾಮಾನ್ಯವಾಗಿ ಬರದ ಸಂಗತಿ ಏನೆಂದರೆ, ಸೋತ ಮೇಲೆ ಅದೇ ಉಂಡೆಗೆ ಬಹುಮಾನವನ್ನು 200 ಪೌಂಡಿಗೆ ಏರಿಸಿ, ಕೆಳಗೆ ಷರತ್ತು ಜೋಡಿಸಿ ಮತ್ತೆ ಜಾಹೀರಾತು ಕೊಟ್ಟರು.

ಈಗ ನೀವು ಮಾಡಬಹುದಾದ್ದು. ಬಾಟಲಿಯನ್ನು ಕೈಗವಸು ಹಾಕಿಕೊಂಡು, ನೆಟ್ಟಗೇ ಹಿಡಿದು, ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮಕ್ಕಳ ಕೈಗೆ ಎಟುಕದ ಕಡೆ ಬೀಗದೊಳಗೆ ಇಡಿ. ಹಳೇ ಬಿರಡೆ ಮುಟ್ಟಿದರೆ ಪುಡಿಯಾಗಬಹುದು. ಬಚ್ಚಲಿಗೋ ತೋಟಕ್ಕೋ ಸುರಿಯಬೇಡಿ, ಪಾದರಸ, ಪಾಷಾಣ ಇದ್ದರೆ ಮಣ್ಣಿನಲ್ಲಿ ಹಾಗೇ ಉಳಿಯುತ್ತದೆ. ನೆನಪಿಗೆ ಬಾಟಲಿ ಬೇಕೇ ಬೇಕೆಂದರೆ ಶಿವಮೊಗ್ಗದ ಮೆಡಿಕಲ್ ಕಾಲೇಜಿನ ಫಾರ್ಮಕಾಲಜಿ ಅಥವಾ ಫೊರೆನ್ಸಿಕ್ ವಿಭಾಗವನ್ನೋ ಜಿಲ್ಲಾ ಔಷಧ ನಿಯಂತ್ರಣ ಕಚೇರಿಯನ್ನೋ ಮೊದಲು ಫೋನಿನಲ್ಲಿ ವಿಚಾರಿಸಿ, ಒಳಗಿನದ್ದನ್ನು ಅವರ ಮೂಲಕ ತೆಗೆಸಿ ಖಾಲಿ ಬಾಟಲಿ ತಂದುಕೊಳ್ಳಿ. ಒಳಗಿನದ್ದರ ಸಮೇತ ಇಟ್ಟುಕೊಳ್ಳುವುದರಲ್ಲಿ ಎರಡು ತೊಡಕು: ನಿಮ್ಮ ನಂತರ ಮನೆಯಲ್ಲಿ ಇರುವವರಿಗೆ ಇದರ ಕಥೆ ಗೊತ್ತಿರುವುದಿಲ್ಲ, ಮತ್ತು ಅಫೀಮು ಇದ್ದರೆ 1985ರ ಮಾದಕವಸ್ತು ಕಾನೂನು ಅಡ್ಡ ಬರುತ್ತದೆ.

ಚಿಕ್ಕಪ್ಪ ತರಿಸಿದ ಲೇಹ್ಯದ ಬಗ್ಗೆ ನನಗೆ ಬಾಟಲಿಗಿಂತ ಹೆಚ್ಚು ಚಿಂತೆ, ಯಾಕೆಂದರೆ ಅದನ್ನು ಅವರು ನಿಜವಾಗಿ ತಿನ್ನುತ್ತಿದ್ದಾರೆ. ಲೇಹ್ಯಗಳೆಲ್ಲ ಕೆಟ್ಟವಲ್ಲ. ಡಬ್ಬಿಯ ಮೇಲೆ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಕರ ಪೂರ್ತಿ ವಿಳಾಸ, ಒಳಗಿರುವ ವಸ್ತುಗಳ ಪಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ ಇವತ್ತೇ ನಿಲ್ಲಿಸಿ, ತಿಂಗಳುಗಟ್ಟಲೆ ತಿಂದಿದ್ದರೆ ಮಾತ್ರ ಮೊದಲು ವೈದ್ಯರನ್ನು ಕಾಣಿ. ಇದ್ದರೂ ಪಟ್ಟಿಯಲ್ಲಿ ಜ್ಯೇಷ್ಠಮಧು ಇದೆಯೇ ಗಮನಿಸಿ. ದಿನವೂ ತಿಂದರೆ ಅದು ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸುತ್ತದೆ, ಅವರ ಮಾತ್ರೆಯ ಕೆಲಸ ಕೆಡುತ್ತದೆ. ಗಂಡಸರ ಶಕ್ತಿಗೆ ಎಂದು ಮಾರುವ ಡಬ್ಬಿಗಳಲ್ಲಿ ಹೇಳದೆ ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಔಷಧಿ) ಬೆರೆಸುವುದು, ಸಂದುನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆ ಇಟ್ಟುಕೊಂಡವರಿಗೆ ಸಿಲ್ಡೆನಾಫಿಲ್ ಬಿದ್ದರೆ ಬಿಪಿ ಕುಸಿದು ಜೀವಕ್ಕೇ ಬರುತ್ತದೆ. ಸ್ಟೀರಾಯ್ಡ್ ಶಂಕೆ ಇದ್ದರೆ, ತಿಂಗಳುಗಟ್ಟಲೆ ತಿಂದವರು ತಟ್ಟನೆ ನಿಲ್ಲಿಸಬಾರದು, ವೈದ್ಯರನ್ನು ಕಂಡೇ ನಿಲ್ಲಿಸಬೇಕು. ಡಬ್ಬಿಯನ್ನು ಬಿಪಿ ನೋಡುವ ಡಾಕ್ಟರ ಮೇಜಿನ ಮೇಲೆ ಇಟ್ಟು ಕೇಳಿ. ಬೈಯುತ್ತಾರೆ ಎಂದು ಮುಚ್ಚಿಡಬೇಡಿ, ಬೈದರೂ ಪರವಾಗಿಲ್ಲ. ಸುಸ್ತಿಗೆ ಕಾರಣ ಹುಡುಕುವುದಾದರೆ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಕಿಡ್ನಿ ಪರೀಕ್ಷೆಗಳಿಂದ ಶುರು ಮಾಡಿಸಿ. ಜಾಹೀರಾತಿನ ಮೇಲೆ ದೂರು ಕೊಡಬೇಕೆಂದರೆ ಮೊಬೈಲಿನ ಪರದೆಯ ಚಿತ್ರ, ಬಿಲ್ಲು, ಡಬ್ಬಿ ಮೂರನ್ನೂ ಜಿಲ್ಲಾ ಆಯುಷ್ ಕಚೇರಿಗೆ ಅಥವಾ ಔಷಧ ನಿಯಂತ್ರಣ ಇಲಾಖೆಗೆ ಕೊಡಿ.

ಪತ್ರಿಕೆಗಳನ್ನು ಟ್ರಂಕಿನಿಂದ ನೀರು ಹಚ್ಚಿ ಬಿಡಿಸಲು ಹೋಗಬೇಡಿ, ಆ ಕಾಲದ ಅಗ್ಗದ ಕಾಗದ ಆಮ್ಲದಿಂದ ಒಣಗಿ ಹಪ್ಪಳದ ಹಾಗಾಗಿರುತ್ತದೆ. ಅಂಟಿದ್ದನ್ನು ಅಂಟಿದ ಹಾಗೇ, ನೆರಳಿನ ಬೆಳಕಿನಲ್ಲಿ ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು. ಬಿಡಿ ಹಾಳೆಗಳನ್ನು ಮಡಿಸದೆ, ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿ ಇಡಿ. ಸೆಲ್ಲೋಟೇಪ್ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ವಿ.ಪಿ. ರಶೀದಿಗಳಲ್ಲಿ ಅಂಚೆ ಮುದ್ರೆಯ ತಾರೀಖು, ಮೊತ್ತ, ಕಳಿಸಿದವರ ವಿಳಾಸ ಓದಲು ಬಂದರೆ ಒಂದು ನೋಟ್‌ಬುಕ್ಕಿನಲ್ಲಿ ಇಳಿಸಿಕೊಳ್ಳಲು ಮಗಳಿಗೆ ಹೇಳಿ, ಶಾಯಿ ಮೊದಲು ಮಾಸುವುದು ಅಲ್ಲೇ. ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ: ಒಂದೇ ವಿಳಾಸಕ್ಕೆ ಮುತ್ತಜ್ಜ ಮತ್ತೆ ಮತ್ತೆ ಹಣ ಕಟ್ಟಿದ್ದಾರೋ, ಒಂದೇ ಸಲ ತರಿಸಿ ಬಿಟ್ಟಿದ್ದಾರೋ ಗೊತ್ತಾಗುತ್ತದೆ. ಟೋಪಿ ಹಾಕಿಸಿಕೊಂಡರೋ ಇಲ್ಲವೋ ಎಂಬ ಮಗಳ ಮಾತನ್ನು ಅದಾದ ಮೇಲೆ ತೀರ್ಮಾನಿಸಬಹುದು.